ಎಡ ಮಡ್‌ಗಾರ್ಡಿನ ಬೆಳಕು

2025ರ ಫೆಬ್ರವರಿ 18, ಮಂಗಳವಾರ. ಬೆಳಿಗ್ಗೆ 9.20ಕ್ಕೆ ಕಾಸರಗೋಡು ಜಿಲ್ಲೆಯ ಬದಿಯಡ್ಕ ಠಾಣೆಗೆ ಒಂದು ಕಳ್ಳತನದ ದೂರು ಬಂತು.

ದೂರುದಾರನ ಹೆಸರು ಜಿತೇಂದ್ರ. ವಯಸ್ಸು ಮೂವತ್ತೊಂಬತ್ತು, ವೃತ್ತಿಯಲ್ಲಿ ಫೋಟೋಗ್ರಾಫರ್. ಆದರೆ ಮದುವೆ, ಗೃಹಪ್ರವೇಶಗಳ ಫೋಟೋ ಅವನ ಕೆಲಸವಲ್ಲ. ಅವನು ತೆಗೆಯುವುದು ಕಾರುಗಳ ಫೋಟೋ ಮಾತ್ರ. ದುಬೈಯ ಒಂದು ಸ್ಟುಡಿಯೋದಲ್ಲಿ ಹನ್ನೊಂದು ವರ್ಷ ಅದನ್ನೇ ಮಾಡಿ, ಮೂರು ವರ್ಷಗಳ ಹಿಂದೆ ಊರಿಗೆ ಬಂದು, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರಸ್ತೆಯ ಪಕ್ಕದ ಹಳೆಯ ಗೋದಾಮೊಂದನ್ನು ಸ್ಟುಡಿಯೋ ಮಾಡಿಕೊಂಡಿದ್ದ. ಹಳೆಯ ಕಾರುಗಳನ್ನು ಹೊಸದರಂತೆ ಮಾಡಿಸುವ ಶೋಕಿಯವರು ಕೊಚ್ಚಿಯಿಂದ, ಮಂಗಳೂರಿನಿಂದ ಲಾರಿಯ ಮೇಲೆ ಗಾಡಿ ಹೇರಿಸಿ ಅವನಲ್ಲಿಗೆ ಕಳುಹಿಸುತ್ತಿದ್ದರು.

ಇನ್‌ಸ್ಪೆಕ್ಟರ್ ವಸುಮತಿ ಅರ್ಜಿಯನ್ನು ಎರಡು ಸಲ ಓದಿದರು.

"ಎಂತೆಲ್ಲ ಹೋಗಿದೆ?"

"ಒಂದು ಹಾರ್ಡ್‌ಡಿಸ್ಕ್ ಮೇಡಂ. ಮೂರು ತಿಂಗಳ ಕೆಲಸ ಅದರಲ್ಲಿತ್ತು. ಮತ್ತೆ ಮೇಲಿನ ದೊಡ್ಡ ಲೈಟಿನ ಬಟ್ಟೆ ಹರಿದಿದ್ದಾರೆ."

"ಕ್ಯಾಮೆರಾ?"

"ಉಂಟು."

"ಲೆನ್ಸುಗಳು?"

"ಎಲ್ಲ ಉಂಟು."

"ಯಾರ ಮೇಲಾದರೂ ಸಂಶಯ ಉಂಟಾ?"

"ಇಲ್ಲ." ಅವನು ಕೇಳಿದ, "ಎಫ್‌ಐಆರ್ ಕಾಪಿ ಇವತ್ತೇ ಸಿಗಬಹುದಾ ಮೇಡಂ? ಗಾಡಿಯ ಪಾರ್ಟಿಯವರಿಗೆ ತೋರಿಸಬೇಕು. ಫೋಟೋ ಹೋಯಿತು ಅಂತ ಬಾಯಲ್ಲಿ ಹೇಳಿದರೆ ನಂಬುವುದಿಲ್ಲ."

ಕಳೆದುಕೊಂಡವರು ಸಾಮಾನ್ಯವಾಗಿ ಕೇಳುವುದು ವಸ್ತು ಸಿಗುತ್ತದೋ ಇಲ್ಲವೋ ಎಂದು. ಇವನು ಕೇಳಿದ್ದು ಕಾಗದ. ಬೀಗ ಮುರಿದು ಒಳನುಗ್ಗಿ ಕಳ್ಳತನ ಮಾಡಿದ ಕಲಮುಗಳಡಿ ವಸುಮತಿ ಎಫ್‌ಐಆರ್ ದಾಖಲಿಸಿ, ಪ್ರತಿ ಕೊಡಿಸಿದರು. 11.05ಕ್ಕೆ ಸೀನಿಯರ್ ಸಿವಿಲ್ ಪೊಲೀಸ್ ಆಫೀಸರ್ ಸುಕುಮಾರನೊಂದಿಗೆ ಗೋದಾಮಿಗೆ ಹೋದರು. ಸುಕುಮಾರ ಸೇವೆಯಲ್ಲಿ ಅವರಿಗಿಂತ ಹಿರಿಯ, ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವನು. ವಸುಮತಿ ಅವನನ್ನು ಸುಕುಮಾರಣ್ಣ ಎಂದೇ ಕರೆಯುತ್ತಿದ್ದರು.

ಹೊರಗಿನಿಂದ ಹೆಂಚಿನ ಗೋದಾಮು. ಒಳಗೆ ಕಾಲಿಟ್ಟರೆ ನೆಲ, ಗೋಡೆ ಎಲ್ಲ ಬಿಳಿ. ನೆಲ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದ ಹಾಗೆ ಮೂಲೆಗಳನ್ನು ಬಾಗಿಸಿ ಸಿಮೆಂಟು ಮಾಡಿದ್ದ. ನಡುವೆ ಒಂದು ಕೆಂಪು ಕಾರು ನಿಂತಿತ್ತು. ಅದರ ಮೇಲೆ ನಾಲ್ಕು ಮೀಟರ್ ಎತ್ತರದಲ್ಲಿ ಕಾರಿಗಿಂತಲೂ ಉದ್ದದ ಕಬ್ಬಿಣದ ಚೌಕಟ್ಟು ಸರಪಳಿಗಳಲ್ಲಿ ತೂಗಾಡುತ್ತಿತ್ತು. ಚೌಕಟ್ಟಿಗೆ ಬಿಗಿದ ಬಿಳಿ ಬಟ್ಟೆಯ ಒಂದು ಅಂಚು ಬಿಟ್ಟುಕೊಂಡು ಕೆಳಗೆ ಜೋತುಬಿದ್ದಿತ್ತು.

"ಒಂದು ಗಾಡಿಗೆ ಇಷ್ಟು ದೊಡ್ಡ ಲೈಟು ಎಂತಕ್ಕೆ?" ಸುಕುಮಾರ ಕೇಳಿದ.

ಅಷ್ಟು ಹೊತ್ತು ಅಳೆದು ಮಾತಾಡುತ್ತಿದ್ದ ಜಿತೇಂದ್ರ ಆಗ ಮೊದಲ ಬಾರಿಗೆ ಸಲೀಸಾಗಿ ಮಾತಾಡಿದ. ಗೋಡೆಯ ಸ್ವಿಚ್ ಹಾಕಿದ. ಕೆಂಪು ಕಾರಿನ ಮೈಯ ಮೇಲೆ, ಮುಂದಿನ ದೀಪದಿಂದ ಹಿಂದಿನ ದೀಪದವರೆಗೆ, ಒಂದೇ ಎಳೆಯಾಗಿ ಬೆಳಕು ಹರಿಯಿತು.

"ಕಾರಿನ ಮೈ ಅಂದರೆ ಕನ್ನಡಿ. ಬಲ್ಬು ತೋರಿಸಿದರೆ ಬಲ್ಬೇ ಕಾಣ್ತದೆ, ಒಂದು ಚುಕ್ಕೆ ಹಾಗೆ. ಅದಕ್ಕೆ ದೊಡ್ಡ ಬಿಳಿ ಬಟ್ಟೆ ತೋರಿಸುವುದು. ಆಗ ಈ ಗೆರೆ ಬರ್ತದೆ. ತಗಡು ಸರಿ ಇದ್ದರೆ ಗೆರೆ ನೇರ. ಎಲ್ಲಿಯಾದರೂ ತಗ್ಗಿ ರಿಪೇರಿ ಆಗಿದ್ದರೆ ಅಲ್ಲಿ ಸೊಟ್ಟ ಆಗ್ತದೆ. ಬರಿಗಣ್ಣಿಗೆ ಕಾಣದ್ದು ಇದರಲ್ಲಿ ಕಾಣ್ತದೆ."

ಮಹಜರಿಗೆ ಎದುರಿನ ಅಂಗಡಿಯಿಂದ ಇಬ್ಬರನ್ನು ಕರೆಸಿದರು. ಅವರಲ್ಲಿ ಒಬ್ಬ ಟೈಲರ್ ಮುರಳೀಕೃಷ್ಣ. ಸುಕುಮಾರ ಗೋಡೆಯ ಹಿಡಿಕೆ ತಿರುಗಿಸಿ ಚೌಕಟ್ಟನ್ನು ಕೆಳಗಿಳಿಸಿದ. ಮುರಳೀಕೃಷ್ಣ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿ, ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದ.

"ಇದು ಹರಿದದ್ದಲ್ಲ ಮೇಡಂ. ಹೊಲಿಗೆ ಬಿಚ್ಚಿದ್ದು."

"ಅಂದರೆ?"

"ಬ್ಲೇಡಿನಲ್ಲಿ ದಾರ ಮಾತ್ರ ತುಂಡು ಮಾಡಿದ್ದಾರೆ. ಬಟ್ಟೆಗೆ ಎಂತದೂ ಆಗಲಿಲ್ಲ. ಕೊಟ್ಟರೆ ಎರಡು ಗಂಟೆಯಲ್ಲಿ ಹೊಲಿದು ಕೊಡ್ತೇನೆ."

ಜಿತೇಂದ್ರ ಲೈಟಿನ ಸ್ವಿಚ್ ಆರಿಸಿದ.

ವಸುಮತಿ ಮಹಜರಿನಲ್ಲಿ ಎರಡು ಸಾಲು ಹೆಚ್ಚಿಗೆ ಬರೆಸಿದರು. ಬಟ್ಟೆಯ ಹೊಲಿಗೆ ಮಾತ್ರ ಬಿಚ್ಚಲಾಗಿದೆ. ಗೋದಾಮಿನಲ್ಲಿರುವ ಏಣಿ ಚೌಕಟ್ಟಿನ ಎತ್ತರಕ್ಕೆ ಎಟುಕುವುದಿಲ್ಲ. ಬಿಚ್ಚಿದವನು ಅದನ್ನು ಇಳಿಸಿ, ಕೆಲಸ ಮುಗಿಸಿ, ಪುನಃ ಮೇಲಕ್ಕೆ ಏರಿಸಿದ್ದಾನೆ.

ಹಿಂದಿರುಗುವಾಗ ಜೀಪಿನಲ್ಲಿ ಸುಕುಮಾರ ಹೇಳಿದ, "ಕಳ್ಳನಿಗೆ ಬಟ್ಟೆಯ ಮೇಲೆ ಇಷ್ಟು ಕನಿಕರ ನಾನು ಕಂಡದ್ದಿಲ್ಲ ಮೇಡಂ."

"ಮೊದಲು ಆ ಡಿಸ್ಕಿನಲ್ಲಿ ಎಂತ ಇತ್ತು ಅಂತ ನೋಡುವ ಸುಕುಮಾರಣ್ಣ."

ಮೂರು ತಿಂಗಳಲ್ಲಿ ಸ್ಟುಡಿಯೋಕ್ಕೆ ಬಂದು ಹೋದ ಕಾರುಗಳು ಒಂಬತ್ತು. ಜಿತೇಂದ್ರ ಕೊಟ್ಟ ಪಟ್ಟಿ ಹಿಡಿದು ಸುಕುಮಾರ ಮರುದಿನ ಒಬ್ಬೊಬ್ಬರಿಗೇ ಫೋನು ಮಾಡಿದ. ಎಂಟು ಮಂದಿ ತಮ್ಮ ಫೋಟೋಗಳು ಯಾವಾಗಲೋ ಕೈಸೇರಿವೆ, ಡಿಸ್ಕ್ ಹೋದರೆ ತಮಗೇನೂ ಇಲ್ಲ ಎಂದರು. ಒಂಬತ್ತನೆಯವರು ಪುತ್ತೂರಿನ ಈಶ್ವರಪ್ರಸಾದ. ತಂದೆಯ ಕಾಲದ ತಿಳಿಹಸಿರು ಅಂಬಾಸಿಡರನ್ನು ರಿಪೇರಿ ಮಾಡಿಸಿ, ಕೊಯಮತ್ತೂರಿನ ಒಬ್ಬರಿಗೆ ಮಾರಲು ಹೊರಟಿದ್ದವರು. ಫೋನಿನಲ್ಲೇ ಅವರ ಸಿಟ್ಟು ಕೇಳುತ್ತಿತ್ತು.

"ತಿದ್ದಿದ ಫೋಟೋ ಕಳಿಸಿದ್ದಾನೆ, ಚಂದ ಉಂಟು. ಆದರೆ ತಗೊಳ್ಳುವವರು ತಿದ್ದದ ಫೋಟೋ ಬೇಕು ಅಂತ ಹೇಳಿದರು. ಗಾಡಿಯ ನಿಜವಾದ ಮೈ ನೋಡಬೇಕಂತೆ. ಹದಿನಾಲ್ಕನೇ ತಾರೀಕು ಶುಕ್ರವಾರ ಇವನಲ್ಲಿ ಕೇಳಿದೆ. ಡಿಸ್ಕ್ ಹಾಳಾಗಿದೆ ಅಂದ. ಮಂಗಳೂರಲ್ಲಿ ರಿಪೇರಿ ಮಾಡುವವರು ಇದ್ದಾರೆ, ಡಿಸ್ಕನ್ನೇ ನನಗೆ ಕೊಡು ಅಂದೆ. ಮಂಗಳವಾರ ಕೊಡ್ತೇನೆ ಅಂದ. ಮಂಗಳವಾರ ಬೆಳಿಗ್ಗೆ ಫೋನು ಮಾಡಿ, ಕಳ್ಳತನ ಆಯಿತು ಅಂದ."

"ತಿದ್ದಿದ್ದು ಅವನೇನಾ?"

"ಅಲ್ಲ. ಪೆರ್ಲದ ಒಂದು ಹುಡುಗಿ. ಪೂಜಾಶ್ರೀ ಅಂತ. ಅವಳ ಮೇಲ್‌ನಿಂದಲೇ ಫೋಟೋ ಬಂದದ್ದು."

ಜಿತೇಂದ್ರ ಈ ಹೆಸರನ್ನು ಪೊಲೀಸರಿಗೆ ಹೇಳಿರಲಿಲ್ಲ.

ಫೆಬ್ರವರಿ 20, ಗುರುವಾರ ಬೆಳಿಗ್ಗೆ 10.40ಕ್ಕೆ ವಸುಮತಿ, ಸುಕುಮಾರ ಇಬ್ಬರೂ ಪೆರ್ಲದ ಆ ಹುಡುಗಿಯ ಮನೆಯಲ್ಲಿದ್ದರು. ಪೂಜಾಶ್ರೀಗೆ ಇಪ್ಪತ್ತಾರು ವರ್ಷ. ಮನೆಯ ಒಂದು ಕೋಣೆಯಲ್ಲಿ ಕಂಪ್ಯೂಟರಿಟ್ಟುಕೊಂಡು ನಾಲ್ಕೈದು ಸ್ಟುಡಿಯೋಗಳ ಫೋಟೋ ತಿದ್ದಿ ಕೊಡುತ್ತಿದ್ದಳು. ಪೊಲೀಸರನ್ನು ನೋಡಿ ಎದ್ದು ನಿಂತಳು.

"ಜಿತೇಂದ್ರ ತೆಗೆದ ಫೋಟೋಗಳು ನಿಮ್ಮಲ್ಲಿ ಉಂಟಾ?" ವಸುಮತಿ ಕೇಳಿದರು.

ಅವಳು ಕಂಪ್ಯೂಟರಿನ ಕಡೆಗೆ ನೋಡಿದಳು.

"ಹೇಳಿ. ನಿಮ್ಮ ಮೇಲೆ ಕೇಸಿಲ್ಲ."

"ಅವರು ಸೋಮವಾರ ಮಧ್ಯಾಹ್ನ ಫೋನು ಮಾಡಿ ಹಳೆಯದ್ದೆಲ್ಲ ಅಳಿಸಿ ಬಿಡು ಅಂದಿದ್ದರು. ಸಂಜೆ ಪುನಃ ಕೇಳಿದರು, ಅಳಿಸಿದೆಯಾ ಅಂತ. ಅಳಿಸಿದೆ ಅಂದೆ. ಆದರೆ ಅಳಿಸಲಿಲ್ಲ ಮೇಡಂ. ಕೈಯಲ್ಲಿ ಬೇರೆ ಕೆಲಸ ಇತ್ತು. ಸುಳ್ಳು ಹೇಳಿದೆ."

"ಅಂಬಾಸಿಡರಿನ ಫೋಟೋ ತೋರಿಸಿ."

ಅವಳು ಒಂದು ಫೋಟೋ ತೆರೆದಳು. ಕತ್ತಲೆಯ ಹಿನ್ನೆಲೆಯಲ್ಲಿ ತಿಳಿಹಸಿರು ಕಾರು ಎಡಬದಿ ತೋರಿಸಿ ನಿಂತಿತ್ತು. ಬಾಗಿಲುಗಳ ಮೇಲೆ ಬೆಳಕಿನ ಗೆರೆ ನೇರವಾಗಿ ಬಂದು, ಮುಂದಿನ ಚಕ್ರದ ಮೇಲಿನ ಮಡ್‌ಗಾರ್ಡಿನಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ನಡುಗಿದ ಹಾಗೆ ಸೊಟ್ಟಗಾಗಿ, ಮತ್ತೆ ನೇರವಾಗಿತ್ತು.

"ಇದನ್ನು ಸರಿ ಮಾಡ್ಲಿಕ್ಕೆ ನನಗೆ ಎರಡು ಗಂಟೆ ಹಿಡಿಯಿತು. ಎಂತ ಇದು ಅಂತ ಕೇಳಿದ್ದಕ್ಕೆ, ಹಳೆಯ ಗಾಡಿ ಅಲ್ವಾ, ಯಾವಾಗಲೋ ತಗ್ಗು ತುಂಬಿಸ್ಲಿಕ್ಕೆ ಪುಟ್ಟಿ ಹಾಕಿದ್ದಾರೆ ಅಂದರು. ನಾನು ನಂಬಲಿಲ್ಲ."

"ಯಾಕೆ?"

"ಮೊದಲು ಕಳಿಸಿದ್ದರಲ್ಲಿ ಇದು ಇರಲಿಲ್ಲ."

"ಮೊದಲು ಕಳಿಸಿದ್ದು ಅಂದರೆ?"

ಅವಳು ಇನ್ನೊಂದು ಫೋಟೋ ತೆರೆದು ಪಕ್ಕದಲ್ಲಿಟ್ಟಳು. ಅದೇ ಕಾರು, ಅದೇ ಎಡಬದಿ. ಬಣ್ಣ ಹೇಗೆ ಬರುತ್ತದೆಂದು ನೋಡಲು ಜಿತೇಂದ್ರ ಮೊದಲೇ ತೆಗೆದು ಕಳುಹಿಸಿದ್ದ ಎರಡು ಫೋಟೋಗಳಲ್ಲಿ ಒಂದು. ಮಡ್‌ಗಾರ್ಡಿನ ಮೇಲೆ ಬೆಳಕಿನ ಗೆರೆ ಒಂದು ಕೂದಲಿನಷ್ಟೂ ಅಲುಗದೆ ಹರಿದಿತ್ತು.

ಫೋಟೋಗಳ ಒಳಗೇ ಕ್ಯಾಮೆರಾ ಬರೆದಿಟ್ಟ ತಾರೀಕು ಇತ್ತು. ನೇರ ಗೆರೆಯದ್ದು ಜನವರಿ 8. ಸೊಟ್ಟ ಗೆರೆಯದ್ದು ಜನವರಿ 19. ಈ ನಡುವೆ ಗಾಡಿ ಗೋದಾಮು ಬಿಟ್ಟು ಎಲ್ಲಿಗೂ ಹೋಗಿಲ್ಲವೆಂದು ಜಿತೇಂದ್ರನ ಪಟ್ಟಿಯೇ ಹೇಳುತ್ತಿತ್ತು.

ವಸುಮತಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಎಡಗಡೆಯ ಹೆಡ್‌ಲೈಟ್ ದೊಡ್ಡದು ಮಾಡಿ. ಎರಡರಲ್ಲೂ."

ಜನವರಿ 19ರ ಹೆಡ್‌ಲೈಟಿನ ಗಾಜು ಹೊಸದು, ಅಚ್ಚಿನಲ್ಲೇ ಮೂಡಿದ ಗೀರುಗಳು ದೂರದೂರ. ಜನವರಿ 8ರದ್ದು ಹಳೆಯ ದಪ್ಪ ಗಾಜು, ಒತ್ತೊತ್ತಾದ ಗೀರುಗಳು, ಕೆಳಗಿನ ಅಂಚಿನಲ್ಲಿ ಗಾಜಿನಲ್ಲೇ ಎರಕವಾದ ಒಂದು ಸಣ್ಣ ಬಾಣದ ಗುರುತು.

ಸುಕುಮಾರ ಪರದೆಯ ಹತ್ತಿರಕ್ಕೆ ಬಗ್ಗಿದ. ಆ ಬಾಣ ಇಬ್ಬರಿಗೂ ಗೊತ್ತಿತ್ತು.

ಜನವರಿ 9, ಗುರುವಾರ, ಸಂಜೆ ಸುಮಾರು 6.45ಕ್ಕೆ ಕುಂಬ್ಡಾಜೆಯ ಕಡೆಗಿನ ಒಂದು ತಿರುವಿನಲ್ಲಿ ಯಾವುದೋ ಗಾಡಿ ಚನಿಯ ಎಂಬವನಿಗೆ ಬಡಿದು ಹೋಗಿತ್ತು. ಚನಿಯನಿಗೆ ಐವತ್ತೆಂಟು ವರ್ಷ. ರಬ್ಬರ್ ತೋಟಗಳಲ್ಲಿ ಕಾಡುಗಿಡ ಕಡಿದು ಸವರುವ ಕೆಲಸ. ಕತ್ತಿಯನ್ನು ಗೋಣಿಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆಯುತ್ತಿದ್ದವನು. ಮುಕ್ಕಾಲು ಗಂಟೆಯ ನಂತರ ಆ ದಾರಿಯಾಗಿ ಬಂದ ಒಬ್ಬ ಜೀಪಿನವನು ಚರಂಡಿಯ ಬದಿಯಲ್ಲಿ ಒರಗಿ ಕುಳಿತಿದ್ದ ಅವನನ್ನು ನೋಡಿ ಆಸ್ಪತ್ರೆಗೆ ಸಾಗಿಸಿದ. ಹೊಟ್ಟೆಯೊಳಗೆ ರಕ್ತ ಸೋರಿ ಮರುದಿನ ಬೆಳಗಿನ ಜಾವ ಚನಿಯ ತೀರಿಕೊಂಡ. ಅರ್ಧ ಗಂಟೆ ಮೊದಲು ತಂದಿದ್ದರೆ ಉಳಿಸಬಹುದಿತ್ತೇನೋ ಎಂದು ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಹೇಳಿದ್ದರು.

ಸ್ಥಳದಲ್ಲಿ ಸಿಕ್ಕಿದ್ದು ಹೆಡ್‌ಲೈಟ್ ಗಾಜಿನ ಏಳು ಚೂರು. ಈಗಿನ ಕಾರುಗಳಿಗೆ ಇರುವುದು ಪ್ಲಾಸ್ಟಿಕ್. ದಪ್ಪ ಗಾಜು ಎಂದರೆ ಹಳೆಯ ಜೀಪು ಎಂದುಕೊಂಡು ವಸುಮತಿ ಮತ್ತು ಸುಕುಮಾರ ಪಂಚಾಯತು ಪಂಚಾಯತು ತಿರುಗಿ ಅರುವತ್ತೆಂಟು ಜೀಪುಗಳನ್ನು ನೋಡಿದ್ದರು. ಕರ್ನಾಟಕದ ನಂಬರಿನ ಅಂಬಾಸಿಡರೊಂದು ಲಾರಿಯ ಮೇಲೆ ಬಂದು ಗೋದಾಮಿನೊಳಗೆ ಬಟ್ಟೆ ಹೊದ್ದು ನಿಂತಿರುವುದು ಯಾರಿಗೂ ಗೊತ್ತಿರಲಿಲ್ಲ.

ಪೂಜಾಶ್ರೀಯ ಕಂಪ್ಯೂಟರಿನ ಡಿಸ್ಕನ್ನು ಮಹಜರು ಮಾಡಿ ವಶಕ್ಕೆ ತೆಗೆದುಕೊಂಡು ಅವರು ಠಾಣೆಗೆ ಮರಳಿದಾಗ ಮಧ್ಯಾಹ್ನ 3.40. ಜಗಲಿಯ ಬೆಂಚಿನಲ್ಲಿ ಚನಿಯನ ಹೆಂಡತಿ ಅಮ್ಮಣಿ ಕುಳಿತಿದ್ದಳು. ಗುರುವಾರ ಗುರುವಾರ ಆಕೆ ಬರುತ್ತಿದ್ದಳು. ಜಗಳವಿಲ್ಲ, ಅಳುವಿಲ್ಲ. ಬಂದು ಒಂದು ಮಾತು ಕೇಳಿ, ಕೊನೆಯ ಬಸ್ಸಿಗೆ ಮೊದಲೇ ಎದ್ದು ಹೋಗುತ್ತಿದ್ದಳು.

"ಎಂತಾದರೂ ಗೊತ್ತಾಯಿತಾ ಮೇಡಂ?"

ವಸುಮತಿಯ ಕೈಯಲ್ಲಿ ಮೊಹರು ಹಾಕಿದ ಪೊಟ್ಟಣ ಇತ್ತು. ಹೇಳಬಾರದ್ದನ್ನು ಹೇಳಿಬಿಡುವೆನೇನೋ ಎಂದು ಅವರಿಗೆ ಅನಿಸಿತು.

"ಮುಂದಿನ ಗುರುವಾರ ನೀವು ಬರುವುದು ಬೇಡ ಅಮ್ಮಣಿಯಕ್ಕ. ನಾನೇ ಮನೆಗೆ ಬರ್ತೇನೆ."

ಅಮ್ಮಣಿ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಸರಿ ಎಂದು ತಲೆಯಾಡಿಸಿ ಹೋದಳು.

ಮುದ್ದೆಮಾಲು ಕೋಣೆಯಿಂದ ಗಾಜಿನ ಚೂರುಗಳನ್ನು ತರಿಸಿ ಬಿಳಿ ಕಾಗದದ ಮೇಲೆ ಹರಡಿದರು. ಮೂರನೆಯ ಚೂರಿನಲ್ಲಿ ಬಾಣದ ಗುರುತು ಇತ್ತು. ಅದರ ತುದಿ ಮುಕ್ಕಾಗಿತ್ತು. ಜನವರಿ 8ರ ಫೋಟೋದಲ್ಲಿಯೂ ಬಾಣದ ತುದಿ ಮುಕ್ಕಾಗಿಯೇ ಇತ್ತು.

21ರಂದು ಪುತ್ತೂರಿನ ಪೊಲೀಸರಿಗೆ ಮಾಹಿತಿ ಕೊಟ್ಟು ಈಶ್ವರಪ್ರಸಾದರ ಮನೆಗೆ ಹೋದರು. ಅಂಗಳದ ಚಪ್ಪರದಡಿ ಅಂಬಾಸಿಡರ್ ಇತ್ತು. ಕಣ್ಣಿಗೆ ಯಾವ ಊನವೂ ಕಾಣಲಿಲ್ಲ. ಜೊತೆಗೆ ಬಂದಿದ್ದ ಮೋಟಾರು ವಾಹನ ಇಲಾಖೆಯ ಅಧಿಕಾರಿ ಕಿಸೆಯಿಂದ ಒಂದು ಸಣ್ಣ ಅಯಸ್ಕಾಂತ ತೆಗೆದು ಬಾಗಿಲಿಗೆ ಹಿಡಿದರು. ಟಕ್ಕೆಂದು ಅಂಟಿತು. ಬಾನೆಟ್ಟಿಗೂ ಅಂಟಿತು. ಎಡ ಮಡ್‌ಗಾರ್ಡಿನ ಮುಂಭಾಗಕ್ಕೆ ಹಿಡಿದು ಕೈ ಬಿಟ್ಟಾಗ ಜಾರಿ ನೆಲಕ್ಕೆ ಬಿತ್ತು. ಅಲ್ಲಿ ಬಣ್ಣದ ಕೆಳಗೆ, ತಗಡಿನ ಮೇಲೆ ದಪ್ಪನೆಯ ಪುಟ್ಟಿ ಇತ್ತು.

"ಇದಕ್ಕೆ ನಾನು ಪುಟ್ಟಿ ಹಾಕಿಸಲಿಲ್ಲ," ಎಂದರು ಈಶ್ವರಪ್ರಸಾದ. "ತಗಡೇ ಹೊಸತು ಬಡಿಸಿದ್ದು. ಏಳನೇ ತಾರೀಕು ನಾನೇ ಲಾರಿಗೆ ಹೇರಿಸಿದ್ದೇನೆ. ಇದರಲ್ಲಿ ಎಂತ ಆಗಿದೆ ಮೇಡಂ?"

ವಸುಮತಿ ಹೇಳಿದರು. ಈಶ್ವರಪ್ರಸಾದ ಗಾಡಿಯ ಹಿಂದಿನ ಸೀಟಿನ ಕಡೆಗೆ ನೋಡಿದರು.

"ಕಳೆದ ಭಾನುವಾರ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗಿದ್ದೆ ಇದರಲ್ಲಿ," ಎಂದಷ್ಟೇ ಹೇಳಿದರು. ಮಹಜರಿಗೆ ಸಹಿ ಹಾಕಿದರು. ಗಾಡಿಯನ್ನು ವಶಕ್ಕೆ ತೆಗೆದುಕೊಳ್ಳಲಾಯಿತು. ಪುಟ್ಟಿಯ, ಬಣ್ಣದ ಮಾದರಿಗಳು ಮತ್ತು ಗಾಜಿನ ಚೂರುಗಳು ಫೊರೆನ್ಸಿಕ್ ಪ್ರಯೋಗಾಲಯಕ್ಕೆ ಹೋದವು.

22ರಂದು ಫೋನ್ ಕಂಪನಿಯಿಂದ ವಿವರ ಬಂತು. ಜನವರಿ 9ರಂದು ಸಂಜೆ 6.20ರಿಂದ 7.05ರವರೆಗೆ ಜಿತೇಂದ್ರನ ಫೋನು ಕುಂಬ್ಡಾಜೆಯ ಟವರಿನಡಿ ಇತ್ತು.

24, ಸೋಮವಾರ ಬೆಳಿಗ್ಗೆ 10.30ಕ್ಕೆ ನೋಟಿಸಿನಂತೆ ಅವನು ಠಾಣೆಗೆ ಬಂದ. ಕಳ್ಳ ಸಿಕ್ಕಿದನೇ ಎಂದು ಕೇಳಿದ. ವಸುಮತಿ ಕೂರಲು ಹೇಳಿದರು. ಸುಕುಮಾರ ಬಾಗಿಲ ಬಳಿ ನಿಂತ.

"ಅಂಬಾಸಿಡರ್ ಎಷ್ಟು ದಿನ ನಿಮ್ಮಲ್ಲಿತ್ತು?"

"ಏಳರಿಂದ ಇಪ್ಪತ್ತೆರಡರವರೆಗೆ."

"ಒಂದು ಗಾಡಿಗೆ ಹದಿನೈದು ದಿನ ಬೇಕಾ?"

"ಲೈಟು ಹಾಳಾಗಿತ್ತು."

"ಹೊರಗೆ ತೆಗೆದಿದ್ದೀರಾ?"

"ಇಲ್ಲ."

"ಒಂಬತ್ತನೇ ತಾರೀಕು ಸಂಜೆ ಎಲ್ಲಿದ್ದಿರಿ?"

"ಸ್ಟುಡಿಯೋದಲ್ಲಿ."

"ಫೋನು?"

ಅವನು ಕಿಸೆಯ ಫೋನನ್ನು ಮುಟ್ಟಿ ನೋಡಿಕೊಂಡ.

ವಸುಮತಿ ದೊಡ್ಡದಾಗಿ ಮುದ್ರಿಸಿದ ಎರಡು ಫೋಟೋಗಳನ್ನು ಮೇಜಿನ ಮೇಲಿಟ್ಟರು. ಬಾಣದ ಗುರುತಿನ ಬಗ್ಗೆ, ಅಯಸ್ಕಾಂತದ ಬಗ್ಗೆ ಇನ್ನೂ ಏನೂ ಹೇಳಿರಲಿಲ್ಲ. ಅವನ ಕಣ್ಣು ನೇರವಾಗಿ ಎಡ ಮಡ್‌ಗಾರ್ಡಿಗೆ ಹೋಯಿತು, ಅಲ್ಲೇ ನಿಂತಿತು.

"ಅವಳು ಅಳಿಸಲಿಲ್ಲ," ಎಂದ, ತನಗೇ ಹೇಳಿಕೊಂಡ ಹಾಗೆ.

"ಇಲ್ಲ."

"ಒಂಬತ್ತು ದಿನ ತಿಕ್ಕಿದೆ ಮೇಡಂ. ದುಬೈಗೆ ಹೋಗುವ ಮೊದಲು ಪೇಂಟಿಂಗ್ ಶಾಪಿನಲ್ಲಿ ಕೆಲಸ ಮಾಡಿದವ ನಾನು. ಪುಟ್ಟಿ ಹಾಕಿ ತಿಕ್ಕಿ, ಲೈಟಿನಡಿ ನೋಡಿ, ಪುನಃ ತಿಕ್ಕಿ. ಗೆರೆ ನೇರ ಆಗಲೇ ಇಲ್ಲ."

"ಗಾಡಿ ಯಾಕೆ ಹೊರಗೆ ತೆಗೆದಿರಿ?"

ಅವನು ಹೇಳತೊಡಗಿದ. ಸೂರ್ಯ ಮುಳುಗಿದ ಮೇಲೆ ಕತ್ತಲಾಗುವ ತನಕ ಒಂದಿಪ್ಪತ್ತು ನಿಮಿಷ ಆಕಾಶ ಇಡೀ ಒಂದೇ ಹದದ ಬೆಳಕಾಗಿರುತ್ತದೆ. ಕಾರಿನ ಫೋಟೋಕ್ಕೆ ಅಂಥ ಲೈಟನ್ನು ಯಾವ ಸ್ಟುಡಿಯೋದಲ್ಲೂ ಕಟ್ಟಲಾಗುವುದಿಲ್ಲ. ಗುಡ್ಡದ ಮೇಲಿನ ಪದವಿನಲ್ಲಿ, ಮರಗಳಿಲ್ಲದ ಸಮತಟ್ಟು ಬಂಡೆಯ ಬಯಲಿನಲ್ಲಿ, ಅಂಬಾಸಿಡರನ್ನು ನಿಲ್ಲಿಸಿ ನಾಲ್ಕು ಫೋಟೋ ತೆಗೆಯಬೇಕೆಂದು ಹೋಗಿದ್ದ. ಮಾಲಕರಲ್ಲಿ ಕೇಳಿರಲಿಲ್ಲ. ಫೋಟೋ ತೆಗೆದು ಇಳಿದು ಬರುವಾಗಲೂ ಆಕಾಶದ ಬೆಳಕು ಆರಿರಲಿಲ್ಲ. ಬಾನೆಟ್ಟಿನ ಮೇಲೆ ಅದು ಹರಿಯುತ್ತಿತ್ತು.

"ಅದನ್ನೇ ನೋಡ್ತಾ ಇದ್ದೆ. ರಸ್ತೆ ನೋಡಲಿಲ್ಲ."

"ಬಡಿದದ್ದು ಗೊತ್ತಾಯಿತಾ?"

"ಗೊತ್ತಾಯಿತು. ನಿಲ್ಲಿಸಿದೆ. ಇಳಿದೆ."

"ಇಳಿದು ಎಲ್ಲಿಗೆ ಹೋದಿರಿ?"

ಹೊರಗೆ ಯಾರೋ ಪಾಸ್‌ಪೋರ್ಟ್ ಪರಿಶೀಲನೆಗೆ ಬಂದವರು ಬಾಗಿಲ ಕಾವಲಿನ ಪೊಲೀಸನಲ್ಲಿ ವಿಚಾರಿಸುವುದು ಕೇಳಿಸುತ್ತಿತ್ತು.

"ಗಾಡಿಯ ಮುಂದೆ."

"ಆ ಮನುಷ್ಯನ ಹತ್ತಿರ?"

"ಆಮೇಲೆ."

"ಎಷ್ಟು ಹೊತ್ತಿನ ಮೇಲೆ?"

"ಗೊತ್ತಿಲ್ಲ ಮೇಡಂ. ಮಡ್‌ಗಾರ್ಡಿನ ಮೇಲೆ ಕೈ ಆಡಿಸಿ ನೋಡಿದೆ. ಆ ಗಾಡಿ ಮುಟ್ಟುವ ಮೊದಲು ನಾನು ವಾಚು, ಬೆಲ್ಟು ಎಲ್ಲ ತೆಗೆದಿಡ್ತಿದ್ದೆ, ಗೀರು ಬೀಳಬಾರದು ಅಂತ. ಕೈ ಆಡಿಸಿ, ಬಗ್ಗಿ, ಆಕಾಶದ ಬೆಳಕು ಎಲ್ಲಿ ಸೊಟ್ಟ ಆಗಿದೆ ಅಂತ ನೋಡಿದೆ. ಆಮೇಲೆ ತಿರುಗಿದೆ. ಅವರು ಚರಂಡಿಯ ಬದಿಯಲ್ಲಿ ಕೂತಿದ್ದರು. ನನ್ನನ್ನೇ ನೋಡ್ತಾ ಇದ್ದರು."

"ಮಾತಾಡಿದ್ರಾ?"

"ಎಂತಾಯಿತು ಅಂತ ತುಳುವಿನಲ್ಲಿ ಕೇಳಿದೆ. 'ದಾಲ ಇಜ್ಜಿ ಧಣಿ, ಈರ್ ಪೋಲೆ' ಅಂದರು."

ಏನಿಲ್ಲ ಧಣಿ, ನೀವು ಹೋಗಿ. ಸುಕುಮಾರ ಬಾಗಿಲಿನ ಕಡೆಗೆ ಮುಖ ತಿರುಗಿಸಿ ಹೊರಗೆ ನೋಡಿದ.

"ನೀವು ಹೋದಿರಿ."

"ಎದ್ದು ಮನೆಗೆ ಹೋಗಬಹುದು ಅಂದುಕೊಂಡೆ. ರಕ್ತ ಕಾಣಲಿಲ್ಲ. ಅವರೇ ಹೋಗಿ ಅಂದರಲ್ಲ. ಪೇಪರಿನಲ್ಲಿ ಓದಿದ ಮೇಲೂ ಅದನ್ನೇ ಹೇಳಿಕೊಳ್ತಿದ್ದೆ, ಅವರೇ ಹೋಗಿ ಅಂದದ್ದು ಅಂತ." ಅವನು ಫೋಟೋವನ್ನು ಮೇಜಿನ ಮೇಲೆ ಮಗುಚಿ ಹಾಕಿದ. "ನಾನು ಮೊದಲು ಗಾಡಿ ನೋಡುವುದನ್ನು ಅವರು ನೋಡಿದ್ದಾರೆ ಮೇಡಂ. ಅದಕ್ಕೇ ಹಾಗೆ ಹೇಳಿದ್ದು. ಅದು ನನಗೆ ಗೊತ್ತುಂಟು."

ವಸುಮತಿಗೆ ಗೋದಾಮಿನಲ್ಲಿ ಈತ ಬೆಳಕಿನ ಬಗ್ಗೆ ಮಾತಾಡಿದ್ದು ಇಷ್ಟವಾಗಿತ್ತು. ಮನೆಗೆ ಹೋಗಿ ಮಗಳಿಗೆ ಅದನ್ನು ವಿವರಿಸಿ ಹೇಳಿದ್ದರು ಕೂಡ. ಈಗ ಅದು ನೆನಪಾಗಿ ಬಾಯಿ ಕಹಿಯಾಯಿತು.

ಮಧ್ಯಾಹ್ನ 1.15ಕ್ಕೆ ಬಂಧನ ದಾಖಲಾಯಿತು. ಅವನ ಹೇಳಿಕೆಯಂತೆ ಮನೆಯ ಅಟ್ಟದ ತಗಡಿನ ಪೆಟ್ಟಿಗೆಯಿಂದ ಹಾರ್ಡ್‌ಡಿಸ್ಕನ್ನೂ, ಗೋದಾಮಿನ ಹಿಂದಿನಿಂದ ತಿಳಿಹಸಿರು ಬಣ್ಣದ ಡಬ್ಬಿಯನ್ನೂ ವಶಪಡಿಸಿಕೊಂಡರು. ಡಿಸ್ಕನ್ನು ಒಡೆದು ಬಿಸಾಡಬಹುದಿತ್ತಲ್ಲ ಎಂದು ಸುಕುಮಾರ ಕೇಳಿದ್ದಕ್ಕೆ, ಪದವಿನ ಮೇಲೆ ತೆಗೆದ ನಾಲ್ಕು ಫೋಟೋ ಅದರಲ್ಲಿವೆ ಎಂದ. ತಾನು ತೆಗೆದವುಗಳಲ್ಲಿ ಅವಕ್ಕಿಂತ ಒಳ್ಳೆಯದು ಬೇರೆ ಇಲ್ಲವಂತೆ. ನಿರ್ಲಕ್ಷ್ಯದಿಂದ ಮರಣ, ಗಾಯಗೊಂಡವನಿಗೆ ನೆರವು ನೀಡದೆ ಹೋದದ್ದು, ಸಾಕ್ಷ್ಯನಾಶ, ಸುಳ್ಳು ದೂರು ಇಷ್ಟನ್ನೂ ಸೇರಿಸಿ ಸಂಜೆ 4.30ಕ್ಕೆ ಕಾಸರಗೋಡಿನಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು.

ರಾತ್ರಿ ಊಟವಾದ ಮೇಲೆ ವಸುಮತಿ ಸುಕುಮಾರನಿಗೆ ಫೋನು ಮಾಡಿದರು.

"ಚನಿಯ ಹೇಳಿದ ಮಾತು ಚಾರ್ಜ್‌ಶೀಟಿನಲ್ಲಿ ಬರುವುದಿಲ್ಲ ಸುಕುಮಾರಣ್ಣ. ನಮ್ಮ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿಗೆ ಸಾಕ್ಷಿ ಆಗುವುದಿಲ್ಲ. ಇವ ನಾಳೆ ವಕೀಲರ ಮಾತು ಕೇಳಿ ಬಾಯಿ ಮುಚ್ಚಿದರೆ ಅದು ಅಲ್ಲಿಗೇ ಮುಗಿಯಿತು."

"ಹೌದು ಮೇಡಂ."

"ಅಮ್ಮಣಿಯಕ್ಕನಿಗೆ ಹೇಳುವುದಾ, ಬೇಡವಾ?"

"ನನ್ನ ಅಪ್ಪನೂ ಧಣಿಗಳ ಹತ್ತಿರ ಹಾಗೇ ಹೇಳುವ ಜನ ಮೇಡಂ. ಅಮ್ಮಣಿಯ ಜಾಗದಲ್ಲಿ ನಾನಿದ್ದರೆ, ಅಂಥ ಮಾತು ಅಂತ ಗೊತ್ತಿದ್ದರೂ ನನಗೆ ಕೇಳಬೇಕು ಅಂತ ಅನಿಸ್ತಿತ್ತು."

27, ಗುರುವಾರ ಬೆಳಿಗ್ಗೆ ಇಬ್ಬರೂ ಅಮ್ಮಣಿಯ ಮನೆಗೆ ಹೋದರು. ಜೀಪು ಹೋಗುವ ದಾರಿಯಲ್ಲ. ಕಾಲು ಗಂಟೆ ನಡೆಯಬೇಕಾಯಿತು. ಅವರು ಬರುವುದು ಗೊತ್ತಿದ್ದ ಅಮ್ಮಣಿ ಅಂಗಳ ಗುಡಿಸಿ, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಳು. ತಾನು ಮೆಟ್ಟಲಿನ ಮೇಲೆ ಕುಳಿತಳು. ಸುಕುಮಾರ ಕುರ್ಚಿ ಬಿಟ್ಟು ಅದೇ ಮೆಟ್ಟಲಿನ ಇನ್ನೊಂದು ತುದಿಗೆ ಕುಳಿತ.

ವಸುಮತಿ ಎಲ್ಲವನ್ನೂ ಕ್ರಮವಾಗಿ ಹೇಳಿದರು. ಯಾರು, ಯಾವ ಗಾಡಿ, ಹೇಗೆ ಗೊತ್ತಾಯಿತು. ಮುಗಿದ ಮೇಲೆ ಅಮ್ಮಣಿ ಕೇಳಿದಳು.

"ಇವರು ಅವನ ಹತ್ತಿರ ಎಂತಾದರೂ ಹೇಳಿದ್ರಾ?"

"ಹೇಳಿದ್ದಾರೆ." ವಸುಮತಿ ಆ ತುಳು ಮಾತನ್ನು, ಅವನು ಹೇಳಿದಂತೆಯೇ, ಒಂದು ಶಬ್ದ ಹೆಚ್ಚು ಕಡಿಮೆ ಮಾಡದೆ ಹೇಳಿದರು.

ಅಮ್ಮಣಿ ತಲೆ ತಗ್ಗಿಸಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಪುನಃ ಸುತ್ತಿದಳು.

"ಆಸ್ಪತ್ರೆಯಲ್ಲಿ ನನ್ನತ್ರವೂ ಅದನ್ನೇ ಹೇಳಿದರು," ಎಂದಳು. "ಎಂತ ಇಲ್ಲ, ನೀನು ಮನ್ಕೋ ಅಂತ. ನಾನು ಮನ್ಕೊಂಡೆ ಮೇಡಂ. ಎದ್ದಾಗ ಬೆಳಗಾಗಿತ್ತು."